ಜೂನ್ ಒಂದರವರು

ಇನ್ನೂರ ಹನ್ನೆರಡು ಹೆಸರು ಒಳಗೆ ಹೋದವು. ಇನ್ನೂರ ಮೂರು ಹೊರಗೆ ಬಂದವು. ಯಶಸ್ವಿನಿ ಮತ್ತೆ ರನ್ ಒತ್ತಿದಳು. ಮತ್ತೆ ಇನ್ನೂರ ಮೂರೇ.

"ಬಂತಾ ನನ್ನೆಸ್ರು?" ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ ಹೆಂಗಸು ಕೇಳಿದಳು.

"ಇಲ್ಲಮ್ಮ. ಇನ್ನೊಂದ್ಸಲ ನೋಡ್ತೀನಿ."

"ನೋಡವ್ವ, ನೋಡು. ನಾನಿನ್ನೂ ಸತ್ತಿಲ್ಲ ಅಂತ ಅದುಕ್ಕೂ ಒಂದ್ ಮಾತು ಹೇಳು."

ಅವಳ ಮಡಿಲಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ಒಂದು ಮೂಲೆಯಲ್ಲಿ ಗುಂಡುಪಿನ್ನು ಇನ್ನೂ ಸಿಕ್ಕಿಕೊಂಡಿತ್ತು, ಮಿಕ್ಕ ಮೂರು ಮೂಲೆಗಳು ಹರಿದಿದ್ದವು. ಹಿರೇಹಳ್ಳಿಯ ಕೊಬ್ಬರಿ ಪುಡಿ ಕಾರ್ಖಾನೆಯ ಗೇಟಿನ ಬೋರ್ಡಿನಿಂದ ಅವಳು ಅದನ್ನು ಕಿತ್ತುಕೊಂಡೇ ಬಂದಿದ್ದಳು. ಅಲ್ಲಿ ಹನ್ನೊಂದು ವರ್ಷದಿಂದ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ ಮಾಡುತ್ತಿದ್ದ ಸಿದ್ದಲಕ್ಷ್ಮಮ್ಮ ಇವಳು. ಕಾಂಟ್ರ್ಯಾಕ್ಟ್ ಮೇಲಿದ್ದವರಲ್ಲಿ ಅರವತ್ತು ಜನರನ್ನು ಸೀನಿಯಾರಿಟಿ ಪ್ರಕಾರ ಪರ್ಮನೆಂಟ್ ಮಾಡುವುದೆಂದು ಕಾರ್ಖಾನೆ ಒಪ್ಪಿಕೊಂಡಿತ್ತು. ಯಾರು ಮೊದಲು, ಯಾರು ಆಮೇಲೆ ಎಂಬ ಪಟ್ಟಿ ತಯಾರಾದದ್ದು ತುಮಕೂರಿನ ಈ ಆಫೀಸಿನಲ್ಲಿ, ಕೆಳಗಿನ ಮೋಟಾರ್ ರಿವೈಂಡಿಂಗ್ ಅಂಗಡಿಯ ವಾರ್ನಿಶ್ ವಾಸನೆ ಮೆಟ್ಟಿಲು ಹತ್ತಿ ಬರುವ ಈ ಒಂದೂವರೆ ಕೋಣೆಯಲ್ಲಿ, ಯಶಸ್ವಿನಿ ಬರೆದ ಪ್ರೋಗ್ರಾಮಿನಿಂದ. ಪಟ್ಟಿಯ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆಫೀಸಿನ ವಿಳಾಸವಿತ್ತು. ಇಷ್ಟು ದಿನ ಅದನ್ನು ಯಾರೂ ಓದಿರಲಿಲ್ಲ.

"ಆಪೀಸ್ನಲ್ಲಿ ಕೇಳುದ್ರೆ ಕಂಪ್ಯೂಟ್ರು ಮಾಡಿರೋದು ಅಂತಾರೆ," ಎಂದಳು ಸಿದ್ದಲಕ್ಷ್ಮಮ್ಮ. "ಕಂಪ್ಯೂಟ್ರು ಎಲ್ಲೈತೆ ಅಂದ್ರೆ ನಗ್ತಾರೆ. ಇಲ್ಲೈತಲ್ಲ! ಇದುಕ್ ಯಾಕ್ ನಗ್ಬೇಕು?"

ಯಶಸ್ವಿನಿ ಕಾರ್ಖಾನೆ ಕಳಿಸಿದ್ದ ಎಕ್ಸೆಲ್ ಹಾಳೆಯನ್ನು ತೆರೆದಳು. ಟೋಕನ್ ನೂರ ಹತ್ತೊಂಬತ್ತು: ಸಿದ್ದಲಕ್ಷ್ಮಮ್ಮ. ಹೆಸರು ಅಲ್ಲಿತ್ತು. ಒಳಗೆ ಹೋಗುವಾಗ ಇದ್ದ ಹೆಂಗಸು ಹೊರಗೆ ಬರುವಾಗ ಇರಲಿಲ್ಲ.

"ನಂಗೆ ಗೊತ್ತು ಬುಡು ಇದು ಯಾರ್ ಕೆಲ್ಸ ಅಂತ." ಸಿದ್ದಲಕ್ಷ್ಮಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ದೊಡ್ಡಗಂಗಮ್ಮ ಅಂತ ಅವ್ಳೆ. ನಾನೂ ಅವ್ಳೂ ಒಂದೇ ಊರು, ಅಮೃತೂರ್ ಪಕ್ಕ. ಒಂದೇ ಸ್ಕೂಲು, ಒಂದೇ ಬೆಂಚು. ಇಲ್ಲಿಗೂ ಒಂದೇ ವ್ಯಾನ್ನಲ್ಲಿ ಬಂದೋರು, ಇಪ್ಪತ್ತೆರಡು ಜನ. ಟೋಕನ್ನು ಅವಳ್ದು ನೂರ ಹದಿನೆಂಟು, ನಂದು ನೂರ ಹತ್ತೊಂಬತ್ತು. ಹನ್ನೊಂದ್ ವರ್ಷದಿಂದ ಒಂದೇ ರೂಮ್ನಾಗೆ ಇದೀವಿ. ಈಗ ನೋಡುದ್ರೆ ಅವ್ಳು ನಲವತ್ತೊಂದ್ನೇ ನಂಬ್ರು. ನಾನು ಎಲ್ಲೂ ಇಲ್ಲ."

"ಅವ್ರೇನ್ ಮಾಡಕ್ಕಾಗುತ್ತೆ ಅಮ್ಮ?"

"ದೀಪಾವಳೀಲಿ ಸೂಪರ್‌ವೈಸರ್ ಅಂಜನಪ್ಪಂಗೆ ಒಂದ್ ಡಬ್ಬ ಕಜ್ಜಾಯ ಕೊಟ್ಲು. ನಾನ್ ಕೊಡ್ಲಿಲ್ಲ. ಅವತ್ತು ಅರ್ಥ ಆಗ್ಲಿಲ್ಲ ನಂಗೆ." ಬೆರಳಿನಿಂದ ಕಾಗದದ ಮಡಿಕೆಯನ್ನು ಒತ್ತಿ ಒತ್ತಿ ತೀಡಿದಳು. "ಐವತ್ತಾದ್ ಮೇಲೆ ಕಾಂಟ್ರ್ಯಾಕ್ಟ್ ಹೆಂಗಸ್ರನ್ನ ಇಟ್ಕೊಳಲ್ಲ ಕಣವ್ವ. ನಂಗೆ ಇನ್ ಮೂರು ವರ್ಷ. ಪರ್ಮನೆಂಟ್ ಆದ್ರೆ ಐವತ್ತೆಂಟರ್ ಗಂಟ ಯೋಚ್ನೆ ಇಲ್ಲ. ನಂಗ್ ಬೇರೆ ಏನೂ ಬರಲ್ಲ, ಸಿಪ್ಪೆ ಹೆರೆಯೋದ್ ಬಿಟ್ಟು."

ನಾನೇ ಫೋನ್ ಮಾಡುತ್ತೇನೆಂದು ಹೇಳಿ ಯಶಸ್ವಿನಿ ಅವಳನ್ನು ಕಳಿಸಿದಳು. ಮೆಟ್ಟಿಲಿಳಿಯುತ್ತ ಸಿದ್ದಲಕ್ಷ್ಮಮ್ಮ ಕೆಳಗಿನ ಅಂಗಡಿಯವನಿಗೆ, "ಸಿಗ್ತದಂತೆ, ಹುಡುಕ್ತಾವ್ರೆ," ಎಂದು ಹೇಳುವುದು ಕೇಳಿಸಿತು.

*

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಪ್ಪು ಅವಳು ಇಟ್ಟ ಜಾಗದಲ್ಲೇ ಕಾಯುತ್ತ ಕೂತಿತ್ತು.

ಅಂಕಿಗಳನ್ನು ಕೊಟ್ಟರೆ ಯಾವುದು ಮೊದಲು ಎಂದು ಕಂಪ್ಯೂಟರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೆಸರು, ಟೋಕನ್, ಸೇರಿದ ದಿನ, ಹುಟ್ಟಿದ ದಿನ ಎಲ್ಲವನ್ನೂ ಒಟ್ಟಿಗೆ ಕಟ್ಟಿ 'ವರ್ಕರ್' ಎಂಬ ಒಂದು ವಸ್ತುವನ್ನು ನಾವೇ ಮಾಡಿಕೊಟ್ಟರೆ ಅದು ಪಿಳಿಪಿಳಿ ಕಣ್ಣು ಬಿಡುತ್ತದೆ. ಇಬ್ಬರು ವರ್ಕರ್‌ಗಳನ್ನು ಎದುರುಬದುರು ನಿಲ್ಲಿಸಿದಾಗ ಯಾರು ಮೊದಲು ಎಂದು ಬರೆಯುವವರೇ ಹೇಳಬೇಕು. ಯಶಸ್ವಿನಿ ಹೇಳಿದ್ದಳು: ಮೊದಲು ಕೆಲಸಕ್ಕೆ ಸೇರಿದವರು ಮೊದಲು. ಒಂದೇ ದಿನ ಸೇರಿದ್ದರೆ ವಯಸ್ಸಿನಲ್ಲಿ ಹಿರಿಯರು ಮೊದಲು. ಎರಡೂ ಒಂದೇ ಆದರೆ ಸೊನ್ನೆ, ಎಂದರೆ ಇಬ್ಬರೂ ಸಮ. ಎರಡೂ ಒಂದೇ ಆಗುವುದು ಎಲ್ಲಾದರೂ ಉಂಟೇ ಎಂದು ಅಲ್ಲಿಗೆ ನಿಲ್ಲಿಸಿದ್ದಳು.

ಇನ್ನು ಅವರನ್ನೆಲ್ಲ ತುಂಬಲು ಅವಳು ಆರಿಸಿಕೊಂಡದ್ದು ಟ್ರೀಸೆಟ್ ಎಂಬ ಸಂಗ್ರಹ. ಅದು ಒಬ್ಬೊಬ್ಬರು ಬಂದ ಹಾಗೆ ಅವರವರ ಜಾಗ ನೋಡಿ ಸಾಲಿನಲ್ಲಿ ನಿಲ್ಲಿಸುತ್ತದೆ. ಆಗಲೇ ನಿಂತವರೇ ಮತ್ತೆ ಬಂದರೆ ಸೇರಿಸಿಕೊಳ್ಳುವುದಿಲ್ಲ. ಬಂದವರು ಹೊಸಬರೋ, ನಿಂತವರೇ ಮತ್ತೆ ಬಂದರೋ ಎಂದು ತಿಳಿಯಲು ಅದು ಹೆಸರು ನೋಡುವುದಿಲ್ಲ, ಮುಖ ನೋಡುವುದಿಲ್ಲ. ಹೋಲಿಕೆಯಲ್ಲಿ ಸೊನ್ನೆ ಬಂದರೆ ಮುಗಿಯಿತು, ಇಬ್ಬರೂ ಒಬ್ಬರೇ. ಸೇರಿಸು ಎಂದಾಗಲೆಲ್ಲ ಅದು ಹೌದು ಅಥವಾ ಇಲ್ಲ ಎಂದು ಉತ್ತರವನ್ನೂ ಕೊಡುತ್ತದೆ. ಪಟ್ಟಿ ಮಾಡಿದ ಮಾರ್ಚಿನಲ್ಲಿ ಅದು ಒಂಬತ್ತು ಸಲ ಇಲ್ಲ ಎಂದಿತ್ತು. ಆ ಉತ್ತರವನ್ನು ಕೇಳಿಸಿಕೊಳ್ಳುವ ಸಾಲನ್ನು ಅವಳು ಬರೆದೇ ಇರಲಿಲ್ಲ.

ಅಷ್ಟೇ ಆಗಿದ್ದರೆ ಒಂದು ಮಾತು. ಕಾರ್ಖಾನೆಯವರ ಮೊದಲ ಹಾಳೆಯಲ್ಲಿ ಕೆಲವು ಸಾಲುಗಳನ್ನು ಎರಡೆರಡು ಸಲ ಅಂಟಿಸಿದ್ದರು. ಆಮೇಲೆ ಅವರೇ ಸರಿಮಾಡಿ ಇನ್ನೊಂದು ಹಾಳೆ ಕಳಿಸಿದರು. ಆದರೂ ಪಟ್ಟಿಯಲ್ಲಿ ಒಂಬತ್ತು ಕಡಿಮೆಯಾದಾಗ, ಇವೂ ಹಾಗೇ ಎರಡು ಸಲ ಬಂದ ಸಾಲುಗಳೆಂದುಕೊಂಡು ಅವಳು ಎದ್ದು ಹೋಗಿ ಮಾಲೀಕ ಅನಂತರಾಜುವಿನ ಮೇಜಿನ ಮುಂದೆ ನಿಂತು, "ಒಂಬತ್ತು ಡೂಪ್ಲಿಕೇಟ್ ಇದ್ವು ಸರ್, ನನ್ ಪ್ರೋಗ್ರಾಮೇ ತೆಗ್ದಾಕ್ತು," ಎಂದಿದ್ದಳು. ಅವತ್ತು ಅನಂತರಾಜು ಇಬ್ಬರಿಗೂ ಬಾದಾಮಿ ಹಾಲು ತರಿಸಿದ್ದ.

ಈಗ ಹುಟ್ಟಿದ ದಿನದ ಕಾಲಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು. ವ್ಯಾನಿನಲ್ಲಿ ಬಂದ ಇಪ್ಪತ್ತೆರಡು ಜನ. ೦೧-೦೬-೧೯೭೮. ೦೧-೦೬-೧೯೭೮. ೦೧-೦೬-೧೯೭೬. ೦೧-೦೬-೧೯೮೦. ೦೧-೦೬-೧೯೭೬. ಅಷ್ಟು ಜನ ತಾಯಂದಿರು ಒಂದೇ ತಾರೀಕಿಗೆ ಕಾದು ಕೂತು ಹೆತ್ತ ಹಾಗೆ.

ಸಂಜೆ ತನ್ನೂರು ಗುಬ್ಬಿಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಆದರೂ ಅವಳು ಹೊರಗೆ ನೋಡಲಿಲ್ಲ. ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅಪ್ಪ ವೆಂಕಟರಂಗಯ್ಯ ಜಗಲಿಯ ಮೇಲೆ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದ. ಅವನ ಹುಟ್ಟುಹಬ್ಬವೂ ಜೂನ್ ಒಂದು, ಚಿಕ್ಕಪ್ಪನದೂ ಜೂನ್ ಒಂದು. ಪ್ರತಿ ವರ್ಷ ಅಣ್ಣತಮ್ಮಂದಿರ ಮುಂದೆ ಒಂದೇ ಕೇಕ್ ಇಟ್ಟು ಅವಳು ನಗಿಸುತ್ತಿದ್ದಳು. ಇಪ್ಪತ್ತಾರು ವರ್ಷ ಆ ಮನೆಯಲ್ಲಿ ಬೆಳೆದು, ಆ ಕೇಕ್ ತಿಂದು, ಅವಳಿಗೆ ಅದು ಹೊಳೆದಿರಲಿಲ್ಲ.

"ಅಪ್ಪ, ನೀನ್ ನಿಜ್ವಾಗ್ಲೂ ಯಾವತ್ ಹುಟ್ಟಿದ್ದು?"

"ಜೂನ್ ಒಂದು."

"ನಿಜ್ವಾಗ್ಲೂ ಅಂದೆ."

ವೆಂಕಟರಂಗಯ್ಯ ಚಾಕು ಕೆಳಗಿಟ್ಟ. "ಹುಣ್ಸೇಹಣ್ಣು ಬಡಿಯೋ ಕಾಲ ಅಂತಿದ್ಲು ನಮ್ಮವ್ವ. ಯಾಕೆ, ಜಾತ್ಕ ಬರೆಸ್ತೀಯಾ ಈಗ?"

"ಮತ್ತೆ ಜೂನ್ ಯಾರ್ ಹಾಕಿದ್ದು?"

"ಮೇಷ್ಟ್ರು. ಸ್ಕೂಲ್ ಶುರುವಾಗೋದು ಜೂನ್ ಒಂದಕ್ಕೆ. ಅವತ್ತಿಗ್ ಸರ್ಯಾಗಿ ವಯಸ್ಸು ತುಂಬುಸ್ಬುಟ್ರೆ ಮೇಲ್ನೋರು ಕೇಳಂಗಿಲ್ಲ. ಸಾಲಾಗ್ ನಿಲ್ಸಿ ಬರ್ಕೊಂಡ್ ಹೋದ್ರು. ನನ್ ಮುಂದ್ ನಿಂತಿದ್ದೋನ್ಗೂ ಅದೇ, ಹಿಂದ್ ನಿಂತಿದ್ದೋನ್ಗೂ ಅದೇ." ಮತ್ತೆ ಗರಿ ಎತ್ತಿಕೊಂಡ. "ಯಾಕಮ್ಮ, ಮುಖ ಹಿಂಗಾಗೈತೆ?"

ಯಶಸ್ವಿನಿ ಹುಟ್ಟಿದ್ದು ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ, ಮಧ್ಯಾಹ್ನ ಎರಡು ಇಪ್ಪತ್ತಕ್ಕೆ. ಕಾಗದದಲ್ಲಿ ಹಾಗೇ ಇದೆ. ಎಲ್ಲರಿಗೂ ಅಂಥ ಕಾಗದ ಇರುತ್ತದೆ ಎಂದುಕೊಂಡೇ ಅವಳು ಪ್ರೋಗ್ರಾಮ್ ಬರೆದಿದ್ದಳು.

*

"ಒಂದೇ ಲೈನ್ ಸರ್," ಎಂದಳು ಮಾರನೆಯ ಬೆಳಿಗ್ಗೆ. "ಹುಟ್ಟಿದ್ ದಿನಾನೂ ಒಂದೇ ಆದ್ರೆ ಟೋಕನ್ ನಂಬರ್ ನೋಡು ಅಂತ. ಹಾಕಿದೀನಿ. ಈಗ ಇನ್ನೂರ ಹನ್ನೆರಡೂ ಬರ್ತಿದೆ. ಸಿದ್ದಲಕ್ಷ್ಮಮ್ಮಂದು ನಲವತ್ತೈದು."

ಅನಂತರಾಜು ಪರದೆಯನ್ನೇ ನೋಡಿದ. ಕೆಟ್ಟವನಲ್ಲ, ಸಂಬಳ ಒಂದು ತಿಂಗಳೂ ತಪ್ಪಿಸಿದವನಲ್ಲ. "ಒಂಬತ್ತರಲ್ಲಿ ಅರವತ್ತರ ಒಳಗ್ ಬರೋರು ಎಷ್ಟು?"

"ಆರು."

"ಅಂದ್ರೆ ಕೆಳಗಿನ ಆರು ಜನ ಆಚೆಗೆ. ಅವ್ರು ಆಗ್ಲೇ ಸ್ವೀಟ್ ಹಂಚವ್ರೆ ಕಣಮ್ಮ."

ಕಾರ್ಖಾನೆಯ ಎಚ್.ಆರ್. ಕೃಷ್ಣಕುಮಾರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಕೃಷ್ಣಕುಮಾರ್ ಪೂರ್ತಿ ಕೇಳಿದ, ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಕಂಪ್ಲೇಂಟ್ ತಂದಿರೋರು ಎಷ್ಟ್ ಜನ?"

"ಒಬ್ರೇ."

"ಹಂಗಾದ್ರೆ ಪ್ರಾಬ್ಲಮ್ಮೂ ಒಬ್ರದ್ದೇ. ಲಿಸ್ಟ್‌ಗೆ ಎಂ.ಡಿ. ಸೈನ್ ಆಗಿ ಲೇಬರ್ ಆಫೀಸ್ಗೆ ಹೋಗಾಯ್ತು ರಾಜು. ಅದನ್ನ ನಾನ್ ಮುಟ್ಟಲ್ಲ. ಒಂದ್ ಕೆಲ್ಸ ಮಾಡಿ, ಆಯಮ್ಮನ ಡೇಟ್ ಒಂದ್ ದಿನ ಈಚೆಗ್ ತನ್ನಿ. ಜೂನ್ ಎರಡು. ಆಗ ನಿಮ್ ಪ್ರೋಗ್ರಾಮು ತಗೊಳುತ್ತಾ ಇಲ್ವಾ?"

ಅನಂತರಾಜು ಅವಳ ಕಡೆ ನೋಡಿದ.

"ತಗೊಳುತ್ತೆ ಸರ್," ಎಂದಳು ಯಶಸ್ವಿನಿ. ನಿಜವಾಗಿಯೂ ತೆಗೆದುಕೊಳ್ಳುತ್ತಿತ್ತು. ನಿಜ ಹೇಳಿಯೂ ನಾಲಿಗೆ ಒಗರಾಗಬಹುದೆಂದು ಅವಳಿಗೆ ಅವತ್ತು ಗೊತ್ತಾಯಿತು.

"ಅಫಿಡವಿಟ್ ಮಾಡ್ಸಿ," ಎಂದ ಕೃಷ್ಣಕುಮಾರ್. "ದಾಖಲೇಲಿ ಹುಟ್ಟಿದ್ ದಿನ ತಪ್ಪಾಗಿ ಕೊಟ್ಟಿದ್ದು ನಾನೇ, ಅದಕ್ಕೇ ಹೆಸರು ಬಿಟ್ಟೋಯ್ತು, ಮುಂದೆ ಏನೂ ತಕರಾರಿಲ್ಲ ಅಂತ. ಸೈನ್ ಹಾಕ್ಲಿ. ಅರವತ್ತೊಂದನೇದಾಗಿ ಸ್ಪೆಷಲ್ ಕೇಸಲ್ಲಿ ಪರ್ಮನೆಂಟ್ ಮಾಡ್ತೀನಿ. ಆಯಮ್ಮಂಗ್ ಕೆಲ್ಸ ಆಯ್ತು, ನಿಮಗ್ ಮರ್ಯಾದೆ ಉಳೀತು."

ಫೋನ್ ಇಟ್ಟ ಮೇಲೆ ಅನಂತರಾಜು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಹೆಣ್ಮಕ್ಳ ರೂಮು, ನೀನೇ ಹೋಗ್ಬಾ ಯಶು. ಬೇರೆ ಎಂಟು ಜನದ್ ಮಾತು ಎತ್ಬೇಡ."

"ಅವ್ರಿಗ್ ಗೊತ್ತೇ ಇಲ್ವಲ್ಲ ಸರ್."

"ಅದ್ಕೇ ಎತ್ಬೇಡ ಅಂದಿದ್ದು. ಈ ಕಾರ್ಖಾನೆ ಕೆಲ್ಸ ಕೈ ಬಿಟ್ರೆ ಇಲ್ಲಿರೋ ನಾಲ್ಕು ಜನದಲ್ಲಿ ಯಾರನ್ನ ಮೊದ್ಲು ಮನೇಗ್ ಕಳಿಸ್ಬೇಕು ಅಂತ ನಾನೂ ಒಂದ್ ಲಿಸ್ಟ್ ಮಾಡ್ಬೇಕಾಗುತ್ತೆ." ನಗಲು ನೋಡಿದ. ಆಗಲಿಲ್ಲ.

*

ಹಿರೇಹಳ್ಳಿಯಲ್ಲಿ ಅವರಿದ್ದದ್ದು ಶೀಟಿನ ವಠಾರದ ಕೊನೆಯ ರೂಮು. ಭಾನುವಾರವಾದ್ದರಿಂದ ಇಬ್ಬರೂ ಇದ್ದರು. ಯಶಸ್ವಿನಿ ಹೊಸ್ತಿಲಲ್ಲೇ ನಿಂತಳು. ರೂಮಿನ ಒಂದು ಗೋಡೆಗೆ ಗ್ಯಾಸ್ ಒಲೆ, ಎದುರು ಗೋಡೆಗೆ ಬೆಲೆಯ ಚೀಟಿ ಕೂಡ ಕೀಳದ ಹೊಸ ಕರೆಂಟ್ ಒಲೆ. ಅಲ್ಲೊಂದು ಉಪ್ಪಿನ ಡಬ್ಬ, ಇಲ್ಲೊಂದು ಉಪ್ಪಿನ ಡಬ್ಬ. ಗ್ಯಾಸಿನ ಬದಿಯಲ್ಲಿ ಒಬ್ಬಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವಳೇ ದೊಡ್ಡಗಂಗಮ್ಮ ಎಂದು ಯಾರೂ ಹೇಳಬೇಕಿರಲಿಲ್ಲ.

"ಬಾರವ್ವ, ಒಳೀಕ್ ಬಾ," ಎಂದಳು ಸಿದ್ದಲಕ್ಷ್ಮಮ್ಮ. "ಆ ಕಡೆ ಕೂರ್ಬ್ಯಾಡ, ಪರ್ಮನೆಂಟ್ನೋರ್ ಜಾಗ ಅದು."

"ಕೂತ್ಕೊಳ್ಳವ್ವ ಎಲ್ ಬೇಕಾರ," ದೊಡ್ಡಗಂಗಮ್ಮ ಅಕ್ಕಿಗೆ ಹೇಳಿದಳು. "ಬಾಡ್ಗೆ ಇನ್ನೂ ಇಬ್ರೂ ಸೇರೇ ಕೊಡ್ತಿರೋದು."

"ಕಜ್ಜಾಯ ಕೊಟ್ಟು ಕೆಲ್ಸ ತಗೊಂಡೋರ್ ಜೊತೆ ನಂಗ್ ಮಾತಿಲ್ಲ ಅಂತ ಹೇಳವ್ವ."

"ಆ ಕಜ್ಜಾಯ ಕಲ್ಲಾಗಿತ್ತು ಕಣವ್ವ. ಅಂಜನಪ್ಪ ಹಲ್ಲುನೋವು ಅಂತ ಡಬ್ಬ ಹಂಗೇ ವಾಪಸ್ ಕೊಟ್ಟ. ಹಬ್ಬ ಆದ್ಮೇಲೆ ನಾಲ್ಕು ದಿನ ಚಾದಾಗ್ ನೆನೆಸ್ಕೊಂಡ್ ತಿಂದೋರು ಯಾರು ಅಂತ ನೀನೇ ಕೇಳು."

ಎಂಟು ದಿನದಿಂದ ಇಬ್ಬರೂ ಗೋಡೆಗೋ, ಅಕ್ಕಿಗೋ, ಬಾಗಿಲಿಗೆ ಬಂದ ಯಾರಿಗೋ ಹೀಗೇ ಹೇಳಿಕೊಂಡಿದ್ದರೆಂದು ಕಾಣುತ್ತದೆ. ಯಶಸ್ವಿನಿ ಎರಡು ಒಲೆಗಳ ನಡುವೆ ಚಾಪೆಯ ಮೇಲೆ ಕೂತು ಬ್ಯಾಗಿನಿಂದ ಅಫಿಡವಿಟ್ಟಿನ ಛಾಪಾ ಕಾಗದ ತೆಗೆದಳು. ಬಸ್ಸಿನುದ್ದಕ್ಕೂ ಅವಳು ಒಂದು ವಾಕ್ಯವನ್ನು ಸಿದ್ಧಮಾಡಿಕೊಂಡಿದ್ದಳು: ಚಿಕ್ಕದೊಂದು ತಾಂತ್ರಿಕ ತೊಂದರೆ. ಈಗ ಅದು ಬಾಯಿಗೆ ಬರಲಿಲ್ಲ.

"ಇವ್ರೇನೂ ಮಾಡಿಲ್ಲ ಅಮ್ಮ," ಎಂದಳು. "ನೀವಿಬ್ರೂ ಸೇರಿದ್ದು ಒಂದೇ ದಿನ. ಸ್ಕೂಲ್ ದಾಖಲೇಲಿ ಹುಟ್ಟಿದ್ದೂ ಒಂದೇ ದಿನ. ಜೂನ್ ಒಂದು, ಎಪ್ಪತ್ತೆಂಟು."

"ಹೂಂ, ಹೆಡ್ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನೋರು. ಎಲ್ರಿಗೂ ಅದೇ ಹಾಕೋರು."

"ಅದ್ಕೆ ಇಬ್ರನ್ನೂ ಒಬ್ರೇ ಅಂದ್ಕೊಂಡು ಒಂದ್ ಹೆಸರು ಇಟ್ಕೊಂಡು ಇನ್ನೊಂದು ಬಿಡ್ತು."

"ಯಾರು? ಯಾರ್ ಅಂದ್ಕೊಂಡಿದ್ದು?"

ಕಂಪ್ಯೂಟರ್ ಎನ್ನಬಹುದಿತ್ತು. ಎಲ್ಲರೂ ಅದನ್ನೇ ಅಂದಿದ್ದರು.

"ನಾನು," ಎಂದಳು ಯಶಸ್ವಿನಿ.

ಮೊರದ ಸದ್ದು ನಿಂತಿತು. ಸಿದ್ದಲಕ್ಷ್ಮಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಆಮೇಲೆ ಕರೆಂಟ್ ಒಲೆಯ ಕಡೆ ನೋಡಿದಳು, ಅದನ್ನು ಯಾಕೆ ತಂದೆನೆಂದು ಈಗ ನೆನಪಾಗದವಳ ಹಾಗೆ.

"ಆ ಕಾಗ್ದ ಓದು."

ಯಶಸ್ವಿನಿ ಓದಿದಳು. ನನ್ನ ಹುಟ್ಟಿದ ದಿನಾಂಕವನ್ನು ನಾನೇ ತಪ್ಪಾಗಿ ನೀಡಿದ್ದು, ಸರಿಯಾದ ದಿನಾಂಕವು ಎರಡನೇ ಜೂನ್ ಆಗಿರುತ್ತದೆ. ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋಗಲು ನಾನೇ ಕಾರಣಳಾಗಿರುತ್ತೇನೆ. ಅರವತ್ತೊಂದನೆಯವಳಾಗಿ ಖಾಯಂ ಮಾಡಿಕೊಳ್ಳಲು ಒಪ್ಪಿರುತ್ತೇನೆ. ಮುಂದೆ ಯಾವುದೇ ತಕರಾರು ಇರುವುದಿಲ್ಲ.

"ಸೈನ್ ಹಾಕುದ್ರೆ ಪರ್ಮನೆಂಟಾ?"

"ಹೌದು. ಸೋಮವಾರದಿಂದ್ಲೇ."

"ನನ್ ನಿಜವಾದ್ ನಂಬ್ರು ಎಷ್ಟು?"

"ನಲವತ್ತೈದು. ಇವ್ರದ್ದು ನಲವತ್ನಾಲ್ಕು."

"ಅವಳ್ದು ನಲವತ್ತೊಂದು ಇತ್ತಲ್ಲ! ನನ್ ಹಂಗೆ ಇನ್ನೆಷ್ಟ್ ಜನ?"

ಹೊರಗೆ ಯಾರೋ ನಲ್ಲಿಗೆ ಕೊಡ ಹಿಡಿದರು. ಖಾಲಿ ಕೊಡದ ತಳಕ್ಕೆ ನೀರು ಬಡಿಯುವ ಸದ್ದು ನಿಧಾನಕ್ಕೆ ತುಂಬಿದ ಕೊಡದ ಸದ್ದಾಗುವವರೆಗೂ ಯಶಸ್ವಿನಿ ಕಾಗದವನ್ನೇ ನೋಡುತ್ತಿದ್ದಳು. ಆಫೀಸಿನ ನಾಲ್ಕು ಕುರ್ಚಿಗಳನ್ನು ನೆನೆದಳು. ಮೊದಲು ಖಾಲಿಯಾಗುವುದು ತನ್ನದೇ ಎಂದು ಗೊತ್ತಿತ್ತು.

"ಎಂಟು ಜನ," ಎಂದಳು.

"ಶಕುಂತಲಮ್ಮ?"

"ಇದಾರೆ."

"ಅಯ್ಯೋ." ಸಿದ್ದಲಕ್ಷ್ಮಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮಗಳ ಬಾಣಂತನಕ್ಕೆ ಹದಿನೈದ್ ದಿನ ರಜಾ ಹಾಕಿದ್ದಕ್ಕೇ ಹಿಂಗಾಯ್ತು ಅಂತ ಆ ಮಗಳ್ಗೇ ಬೈಕೊಂಡ್ ತಿರುಗ್ತಾವ್ಳೆ. ಆ ಎಳೇ ಮಗೂನೂ ಎತ್ಕೊಳಲ್ವಂತೆ." ಕಾಗದದ ಕಡೆ ಬೆರಳು ತೋರಿಸಿ, "ಅವ್ರಿಗೆಲ್ಲ ಇಂಥ ಕಾಗ್ದ ಮಾಡ್ಸಿದೀರಾ?"

"ಇಲ್ಲ. ಅವ್ರು ಕೇಳ್ಕೊಂಡ್ ಬಂದಿಲ್ಲ. ನೀವು ಸೈನ್ ಹಾಕಿದ್ರೆ ಇದು ಇಲ್ಲಿಗೇ ಮುಗಿಯುತ್ತೆ."

"ಹಾಕ್ದೇ ಇದ್ರೆ?"

"ಗೊತ್ತಿಲ್ಲ ಅಮ್ಮ. ಲಿಸ್ಟ್ ಮತ್ತೆ ಮಾಡ್ಬೋದು, ಮಾಡ್ದೇ ಇರ್ಬೋದು. ನಿಮ್ಗೆ ಇದೂ ಸಿಗ್ದೇ ಹೋಗ್ಬೋದು."

ದೊಡ್ಡಗಂಗಮ್ಮ ಮೊರ ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದು, ಈಚೆ ಬಂದು ಕೂತಳು. ಚಾಪೆಯ ಮೇಲಿದ್ದ ಪೆನ್ನನ್ನು ಎತ್ತಿ ಮುಚ್ಚಳ ತೆಗೆದು ಹಿಡಿದಳು. ಅಕ್ಕಿಗಲ್ಲ, ಗೋಡೆಗಲ್ಲ, ಈ ಸಲ ನೇರವಾಗಿ ಹೇಳಿದಳು.

"ಹಾಕೇ ಸಿದ್ದಿ. ಎಂಟು ಜನದ್ದು ಆಮ್ಯಾಕೆ ನೋಡುವ. ಮೂರ್ ವರ್ಷ ಆದ್ಮೇಲೆ ಏನ್ ಮಾಡ್ತೀಯ, ಹೇಳು. ಹಾಕು, ನಂಗಾರ ಹಾಕು."

ಸಿದ್ದಲಕ್ಷ್ಮಮ್ಮ ಪೆನ್ನನ್ನು ನೋಡಿದಳು, ಅದನ್ನು ಹಿಡಿದಿದ್ದ ಕೈಯನ್ನು ನೋಡಿದಳು. ತನ್ನ ಕೈಯ ಹಾಗೇ ಅದರ ಹೆಬ್ಬೆರಳಿನ ಉಗುರೂ ಕಾಯಿಯ ಕಂದಿಗೆ ಕಪ್ಪಾಗಿತ್ತು. ಕಾಗದವನ್ನು ಮಡಿಕೆಯ ಗುರುತಿನಲ್ಲೇ ಮಡಿಸಿ, ಯಶಸ್ವಿನಿಯ ಮಂಡಿಯ ಮೇಲಿಟ್ಟಳು.

"ಹಾಕಲ್ಲ."